ಗೋಡೆಯಾಚೆಯ ಕಬ್ಬಿಣ

೧೪ ಜನವರಿ ೨೦೦೧, ಮಕರ ಸಂಕ್ರಮಣ

ಉತ್ತರಾಯಣ ಪುಣ್ಯಕಾಲ. ಒದ್ದೆ ಪಂಚೆಯಲ್ಲಿಯೇ ಪೂರ್ವಾಭಿಮುಖನಾಗಿ ನಿಂತು ಸೂರ್ಯನಾರಾಯಣನಿಗೆ ಅರ್ಘ್ಯವನ್ನು ಕೊಟ್ಟೆನು. ಪೂರ್ವವೆಂದರೆ ಈ ಜೋಗುಪಾಳ್ಯದ ಜನರು ಕೈಬೀಸಿ ತೋರಿಸುವ ಸುಮಾರಿನ ಪೂರ್ವವಲ್ಲ. ಮದರಾಸು ಬಂದರಿನಲ್ಲಿ ಆಯುಷ್ಯದ ಬಹುಭಾಗವನ್ನು ಹಡಗುಗಳ ದಿಕ್ಸೂಚಿ ತಿದ್ದುವುದರಲ್ಲಿ ಕಳೆದವನು ನಾನು. ನಿವೃತ್ತನಾಗಿ ಬರುವಾಗ ತಂದ ಹಿತ್ತಾಳೆಯ ಬಟ್ಟಲಿನ ದಿಕ್ಸೂಚಿಯನ್ನು ದೇವರಮನೆಯ ಗೋಡೆಗೆ ತಗುಲಿದ ಕಲ್ಲುಪೀಠದ ಮೇಲೆ ಸ್ಥಾಪಿಸಿ, ಅದು ತೋರುವ ಪೂರ್ವಕ್ಕೇ ನಿತ್ಯವೂ ತಲೆಬಾಗುತ್ತಿದ್ದೇನೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಕೂಡದು.

ಬೈರಮ್ಮನು ಇಂದೂ ತನ್ನ ಹಳೆಯ ಆಕ್ಷೇಪವನ್ನು ಎತ್ತಿದಳು.

"ಏನ್ರೀ, ದಿನಾ ಬಿಸಿಲು ನಿಮ್ಮ ಬಲಗಿವಿ ಮೇಲೆ ಬೀಳುತ್ತೆ. ಸೂರ್ಯಂಗೆ ಕಿವಿ ತೋರಿಸ್ತಾ ನಿಂತ್ಕೊಂಡ್ರೆ ಆಯ್ತಾ?"

ಅಯನಗಳ ಸ್ವರೂಪವನ್ನು ವಿವರಿಸಿದೆನು. ಸೂರ್ಯನು ಸರಿಯಾಗಿ ಪೂರ್ವದಲ್ಲಿ ಹುಟ್ಟುವುದು ವರ್ಷಕ್ಕೆ ಎರಡೇ ದಿನ. ಇದು ಅವನು ದಕ್ಷಿಣಕ್ಕೆ ಸರಿದಿರುವ ಕಾಲ. ಮೇಲಾಗಿ ಎದುರಿನ ಮೂರಂತಸ್ತಿನ ಕಟ್ಟಡವನ್ನು ದಾಟಿ ಬರುವಷ್ಟರಲ್ಲಿ ಅವನು ಇನ್ನೂ ಓರೆಯಾಗಿರುತ್ತಾನೆ. ಅವಳು ಪೂರ್ತಿ ಕೇಳದೆ ಎಳ್ಳುಬೆಲ್ಲ ಹಂಚಲು ಹೋದಳು. ತನ್ನ ಮಾವನವರು, ಎಂದರೆ ನನ್ನ ತಂದೆ, ಹೊರಮಾವಿನ ಗದ್ದೆಯಲ್ಲಿ ನಿಂತು ಸೂರ್ಯನಿಗೆ ಕೈಮುಗಿಯುತ್ತಿದ್ದಾಗ ಯಾವ ದಿಕ್ಸೂಚಿಯ ಮುಳ್ಳನ್ನೂ ನೋಡಿದವರಲ್ಲ ಎಂದು ಹೊಸ್ತಿಲಲ್ಲಿ ನಿಂತು ಹೇಳಿ ಹೋದದ್ದೂ ಉಂಟು. ನಮ್ಮ ಒಕ್ಕಲು ಮನೆತನದಲ್ಲಿ ಮಡಿಯೆಂಬುದು ಇರಲಿಲ್ಲ. ಅದನ್ನು ತಂದವನು ನಾನು. ಹಡಗುಕಟ್ಟೆಯಲ್ಲಿ ಕೈಬಿಟ್ಟುಹೋದ ಅನುಷ್ಠಾನವನ್ನೆಲ್ಲ ಈಗ ತೀರಿಸಬೇಕಾಗಿದೆ.

ಇನ್ನೊಂದು ವಿಷಯ. ಇತ್ತೀಚೆಗೆ ತಲೆಸುತ್ತು. ಹಾಸಿಗೆಯಿಂದ ಏಳುವಾಗ ಮನೆಯೇ ತಿರುಗಿದಂತಾಗುತ್ತದೆ. ನಡುಗಡಲಿನಲ್ಲಿ ಒಂದು ದಿನವೂ ತಲೆತಿರುಗದ ನನಗೆ ಹಲಸೂರು ಕೆರೆಯ ಹೊರತು ಬೇರೆ ನೀರಿಲ್ಲದ ಈ ಬಡಾವಣೆಯಲ್ಲಿ ತೂರಾಟ. ಮಾಳಿಗೆಗೆ ಏಣಿ ಹತ್ತುವುದನ್ನು ಬಿಟ್ಟೇ ತಿಂಗಳುಗಳಾದವು.

೨೧ ಜನವರಿ

ಹೊರಮಾವಿನಿಂದ ತಮ್ಮನ ಮಗ ಶ್ರೀನಾಥನು ಬಂದಿದ್ದನು. ಅವನು ಈಗ ನಮ್ಮ ಹಳೆಯ ಹೊಲದ ಮೇಲೆ ಎದ್ದಿರುವ ಮನೆಗಳನ್ನು 'ನೂರಕ್ಕೆ ನೂರು ವಾಸ್ತು' ಎಂದು ಹೇಳಿ ಮಾರುತ್ತಾನೆ. ನನ್ನ ತಲೆಸುತ್ತಿನ ಸುದ್ದಿ ಕೇಳಿ ನರೇಶನೆಂಬ ವಾಸ್ತುಸಲಹೆಗಾರನನ್ನು ಜೊತೆಗೆ ಕರೆತಂದಿದ್ದನು. ಆತನ ಜೇಬಿನಲ್ಲಿ ಕೀಲಿಗೊಂಚಲಿಗೆ ಸಿಕ್ಕಿಸಿದ ಒಂದು ಪ್ಲಾಸ್ಟಿಕ್ ದಿಕ್ಸೂಚಿ! ನಗು ತಡೆದುಕೊಂಡೆನು.

ಹಡಗು ಎಂಬುದೇ ಒಂದು ಕಬ್ಬಿಣದ ಬೆಟ್ಟ. ಅದರ ಮೈ ಮುಳ್ಳನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ ಎಂದು ಆತನಿಗೆ ತಿಳಿಸಿದೆನು. ನಾವು ಹಡಗನ್ನು ಕಡಲಿಗೆ ಒಯ್ದು, ಒಂದೊಂದು ದಿಕ್ಕಿಗೂ ಅದರ ಮೂತಿಯನ್ನು ತಿರುಗಿಸಿ, ಸೂರ್ಯನನ್ನು ಸಾಕ್ಷಿಯಾಗಿಟ್ಟುಕೊಂಡು ಮುಳ್ಳು ಎಲ್ಲಿ ಎಷ್ಟು ಸುಳ್ಳಾಡುತ್ತದೆಂದು ಅಳೆಯುತ್ತೇವೆ. ಆ ಸುಳ್ಳನ್ನು ಕಿತ್ತುಹಾಕಲಾಗದು. ಅದರ ಎದುರಿಗೆ ಅಷ್ಟೇ ತೂಕದ ಇನ್ನೊಂದು ಅಯಸ್ಕಾಂತವನ್ನು ಇಟ್ಟು ಸರಿದೂಗಿಸುತ್ತೇವೆ. ಮಿಕ್ಕುಳಿದ ತಪ್ಪನ್ನು ಚೀಟಿಯಲ್ಲಿ ಬರೆದು ಕಪ್ತಾನನ ಮುಂದೆ ತೂಗುಹಾಕುತ್ತೇವೆ. ಒಮ್ಮೆ ಒಂದು ಹಡಗಿನ ಅಡಿಗೆಯವನು ಚುಕ್ಕಾಣಿಯ ಕೋಣೆಯ ಹಿಂದಿನ ಗೋಡೆಗೆ ತನ್ನ ಕಬ್ಬಿಣದ ಬಾಣಲೆಯನ್ನು ನೇತುಹಾಕಿದ್ದರಿಂದ ಇಡೀ ಹಡಗು ದಾರಿತಪ್ಪಿತ್ತು. ಆದ್ದರಿಂದ ನಮ್ಮ ವೃತ್ತಿಯ ಮೊದಲ ಸೂತ್ರ: ಗೋಡೆಯಾಚೆ ಏನಿದೆಯೆಂದು ಕೇಳದವನು ದಿಕ್ಸೂಚಿಯನ್ನು ಮುಟ್ಟಬಾರದು.

ನರೇಶನು ವಿಧೇಯನಾಗಿ ಕೇಳಿ, ತನ್ನ ಪ್ಲಾಸ್ಟಿಕ್ ಗೊಂಬೆಯನ್ನು ನನ್ನ ಪೀಠದ ಮೇಲೆ ಬಟ್ಟಲಿನ ಪಕ್ಕದಲ್ಲಿಟ್ಟನು. ಎರಡೂ ಒಂದನ್ನೇ ತೋರಿದವು. ಒಪ್ಪಿಕೊಳ್ಳಬೇಕು, ನನಗೆ ಆತನ ಮೇಲೆ ಗೌರವ ಮೂಡಿತು.

"ನೋಡಿ ಸಾರ್, ಈಶಾನ್ಯ ಇರೋದು ಈ ಗೋಡೆ ಆಚೆ. ಈಶಾನ್ಯ ಖಾಲಿ ಇರ್ಬೇಕು, ಹಗುರ ಇರ್ಬೇಕು. ಅಲ್ಲಿ ಬಾಡಿಗೆಗೆ ಕೊಟ್ಟಿದ್ದೀರ, ಬೆಳಗಿಂದ ಮಿಷಿನ್ ಓಡುತ್ತೆ. ತಲೆ ಸುತ್ತದೆ ಇನ್ನೇನ್ ಆಗುತ್ತೆ?"

ಗೋಡೆಯಾಚೆ ಇರುವುದು ನಮ್ಮ ಚಿಕ್ಕ ಪೋರ್ಷನ್ನು. ನಾನು ಮದರಾಸಿನಿಂದ ಬರುವುದಕ್ಕೆ ಮೊದಲೇ ಬೈರಮ್ಮನು ಅದನ್ನು ಖುರ್ಷೀದಾ ಎಂಬ ವಿಧವೆಗೆ ಕೊಟ್ಟಿದ್ದಳು. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ರವಿಕೆ ಹೊಲಿದು ಜೀವಿಸುವವಳು. ನಾನು ಒಳಗೆ ಕಾಲಿಟ್ಟವನಲ್ಲ. ಮಡಿಯ ಮನುಷ್ಯನಿಗೆ ಅದು ಸಲ್ಲದು.

ಇಬ್ಬರು ಸಾಕ್ಷಿಗಳು ಒಂದೇ ಮಾತನ್ನಾಡುವಾಗ ಸಂದೇಹಕ್ಕೆ ಎಡೆಯೆಲ್ಲಿ?

೩೧ ಜನವರಿ, ರಥಸಪ್ತಮಿ

ತೀರ್ಮಾನವನ್ನು ತಿಳಿಸಲು ಬೈರಮ್ಮನನ್ನೇ ಕಳುಹಿಸಬೇಕೆಂದಿದ್ದೆನು. ಅವಳು ಹೋಗಲಿಲ್ಲ. "ಖಾಲಿ ಮಾಡ್ಸೋ ಮಾತನ್ನ ನನ್ನ ಬಾಯಲ್ಲಿ ಆಡಿಸ್ಬೇಡಿ. ನೀವೇ ಹೇಳ್ಕೊಳ್ಳಿ" ಎಂದು ಸೊಪ್ಪು ಬಿಡಿಸುತ್ತ ಕುಳಿತಳು. ಆದಕಾರಣ ಅಂಗಳದಲ್ಲಿಯೇ ನಿಂತು ನಾನೇ ಹೇಳಬೇಕಾಯಿತು. ದ್ವೇಷವಿಲ್ಲ, ಶಾಸ್ತ್ರ ಮತ್ತು ವಿಜ್ಞಾನ ಎರಡೂ ಕೂಡಿ ಬಂದಿರುವುದರಿಂದ ನಾನು ನಿರುಪಾಯನೆಂದು ವಿವರಿಸಿದೆನು. ಹೊಲಿಗೆಯಾಕೆಯು ಬಾಗಿಲ ಪರದೆಯನ್ನು ಹಿಡಿದು ಕೇಳಿಸಿಕೊಂಡಳು. ಮದುವೆ ಕಾಲ ಬರುತ್ತಿದೆ, ಅಂಗಡಿಯವರ ಬಟ್ಟೆ ಒಪ್ಪಿಕೊಂಡಾಗಿದೆ, ಹೊಸ ಜಾಗ ಮಿಷನ್ನಿನ ಸದ್ದಿಗೆ ಒಪ್ಪುವಂಥದು ಸಿಗುವುದು ಕಷ್ಟ ಎಂದಳು. ಬಕ್ರೀದ್ ಮುಗಿಯುವವರೆಗೆ ಅವಕಾಶ ಬೇಡಿದಳು. ಯುಗಾದಿಯ ಒಳಗೆ ಎಂದು ನಾನು ಇನ್ನೂ ಉದಾರವಾಗಿ ಕೊಟ್ಟೆನು.

ಕಳೆದ ವರ್ಷ ನಾನು ಈಕೆಗೆ ಮಾಡಿದ ಉಪಕಾರವೂ ಇಲ್ಲಿ ಸ್ಮರಣೀಯ. ಮೆಕ್ಕಾ ಪಟ್ಟಣವು ಇಲ್ಲಿಂದ ಪಡುವಣಕ್ಕಿಂತ ತುಸು ಬಡಗಲಿಗೆ ಇದೆಯೆಂದು ಲೆಕ್ಕ ಹಾಕಿ, ಈಕೆಯ ನಮಾಜಿನ ದಿಕ್ಕನ್ನು ನನ್ನ ದಿಕ್ಸೂಚಿಯಿಂದ ಎಳೆದು, ಅಂಗಳದಲ್ಲಿ ಸುಣ್ಣದ ಗೆರೆಯಾಗಿ ತೋರಿಸಿಕೊಟ್ಟಿದ್ದೆನು. ವಿನಯದಿಂದ ತಲೆಯಾಡಿಸಿದ್ದಳು. ಅನ್ಯಮತದವರ ಪೂಜೆಯಾದರೂ ದಿಕ್ಕು ತಪ್ಪಬಾರದಲ್ಲ.

೪ ಫೆಬ್ರವರಿ

ತಲೆಸುತ್ತು. ಬರೆಯಲಾಗದು.

೧೨ ಫೆಬ್ರವರಿ

ಬೆಳಗ್ಗೆ ಗೇಟಿನ ಬಳಿ ಹೂವು ಕೊಯ್ಯಲು ಕತ್ತೆತ್ತಿದವನಿಗೆ ಭೂಮಿ ಆಕಾಶಗಳು ಮೊಗಚಿಕೊಂಡವು. ಬೀಳುವವನನ್ನು ಹಿಡಿದದ್ದು ಖುರ್ಷೀದಾ. ಮಡಿಬಟ್ಟೆಯಲ್ಲಿದ್ದೇನೆ, ಮುಟ್ಟಬೇಡವೆಂದು ಹೇಳಲು ಬಾಯಿ ತೆರೆದೆನು.

"ಈಗ ಹಿಡ್ಕೊಳ್ಳಿ ಯಜಮಾನ್ರೆ, ಆಮೇಲೆ ಸ್ನಾನ ಮಾಡ್ಕೊಳ್ಳೋರಂತೆ" ಎಂದಳು.

ಬೈರಮ್ಮನೂ ಅವಳೂ ಸೇರಿ ನನ್ನನ್ನು ಆಟೋದಲ್ಲಿ ನಡುವೆ ಕೂರಿಸಿಕೊಂಡು ಶಿವಾಜಿನಗರದ ಕಿವಿವೈದ್ಯೆ ಫಹ್ಮಿದಾ ಅವರಲ್ಲಿಗೆ ಒಯ್ದರು. ದಾರಿಯುದ್ದಕ್ಕೂ ಇಬ್ಬರು ಹೆಂಗಸರೂ ನನ್ನ ತಲೆಯ ಮೇಲಿಂದಲೇ ಮಾರ್ಕೆಟ್ಟಿನ ಅವರೆಕಾಯಿ ಬೆಲೆಯನ್ನು ಕುರಿತು ಮಾತನಾಡಿದರು. ತಲೆ ಸುತ್ತುವುದಕ್ಕೆ ಕಿವಿಯ ವೈದ್ಯೆಯೇಕೆಂದು ನಾನು ಕೇಳಿದ್ದಕ್ಕೆ, ತನ್ನ ಅತ್ತೆಗೂ ಹೀಗೆಯೇ ಆಗಿತ್ತೆಂದು ಖುರ್ಷೀದಾ ಹೇಳಿದಳು.

ವೈದ್ಯೆ ಚಿಕ್ಕ ವಯಸ್ಸಿನವರು. "ಕಿವಿ ಒಳಗೆ ಸಣ್ಣ ಹರಳು ಇರುತ್ವೆ ತಾತ. ಅವು ಜಾಗ ಬಿಟ್ಟು ಜಾರಿದ್ರೆ, ನೀವು ನಿಂತಿದ್ರೂ ತಿರುಗ್ತಿದ್ದೀರ ಅಂತ ಸುಳ್ಳು ಹೇಳುತ್ವೆ. ಬಲಗಿವಿದು" ಎಂದರು. ಬಳಿಕ ನನ್ನನ್ನು ಮಲಗಿಸಿ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಹಿಡಿದು, ಕಾಯ್ದು, ಇನ್ನೊಂದು ಪಕ್ಕಕ್ಕೆ ತಿರುಗಿಸಿ, ಮತ್ತೆ ಕಾಯ್ದು, ಕೊನೆಗೆ ಮಗ್ಗುಲಾಗಿಸಿ ಎಬ್ಬಿಸಿದರು. ಇದೇ ರೀತಿಯಲ್ಲಿ ನಾನು ಎಷ್ಟು ಹಡಗುಗಳ ಮೂತಿಯನ್ನು ತಿರುಗಿಸಿ ನಿಲ್ಲಿಸಿದ್ದೆನೋ! ಕ್ರಮ ಚೆನ್ನಾಗಿದೆಯೆಂದು ಮೆಚ್ಚುಗೆ ಸೂಚಿಸಿದೆನು. ಅವರಿಗೆ ಅರ್ಥವಾಗಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿದೆನು.

೧೫ ಫೆಬ್ರವರಿ

ಆಶ್ಚರ್ಯ! ಮೂರು ದಿನಗಳಿಂದ ತಲೆಸುತ್ತಿನ ಸುಳಿವಿಲ್ಲ. ಶ್ರೀನಾಥನಿಗೆ ಫೋನು ಮಾಡಿ ನರೇಶನನ್ನು ಅಭಿನಂದಿಸಿದೆನು. ಈಶಾನ್ಯವನ್ನು ತೆರವು ಮಾಡಿಸುವ ಸಂಕಲ್ಪ ಮಾತ್ರದಿಂದಲೇ ಇಷ್ಟು ಫಲವಾದರೆ, ತೆರವಾದ ಮೇಲೆ ಹೇಗಿರಬಹುದು?

ಬೈರಮ್ಮನು ಇದನ್ನು ಕೇಳಿ ಒಗ್ಗರಣೆಯನ್ನು ಸೀಯಿಸಿದಳು.

೮ ಮಾರ್ಚ್

ಖುರ್ಷೀದಾಳಿಗೆ ಶಿವಾಜಿನಗರದಲ್ಲಿ ಜಾಗ ಸಿಕ್ಕಿದೆಯಂತೆ, ಮೂರನೆಯ ಮಹಡಿಯಲ್ಲಿ. ಹಗಲೆಲ್ಲ ಅದರ ಓಡಾಟದಲ್ಲಿರುವುದರಿಂದ ಮಿಷನ್ನಿನ ಶಬ್ದವಿಲ್ಲ. ಈ ನಿಶ್ಶಬ್ದವು ಜಪಕ್ಕೆ ಅನುಕೂಲವಾಗಬೇಕಾಗಿತ್ತು. ಆದರೆ ಎರಡು ದಿನದಿಂದ ಜಪದ ಎಣಿಕೆ ತಪ್ಪುತ್ತಿದೆ. ಒಂದು ಅಂಚನ್ನು ಹೊಲಿದು ಮುಗಿಸಿ ಆಕೆ ಚಕ್ರವನ್ನು ನಿಲ್ಲಿಸುವುದಕ್ಕೂ ನನ್ನ ಒಂದು ಮಾಲೆ ಮುಗಿಯುವುದಕ್ಕೂ ಏನೋ ಹೊಂದಾಣಿಕೆ ಇತ್ತೆಂದು ತೋರುತ್ತದೆ. ಕೇವಲ ಅಭ್ಯಾಸದ ದೋಷ. ಹೋಗುತ್ತದೆ.

೧೮ ಮಾರ್ಚ್, ಭಾನುವಾರ

ಇಂದಿನದನ್ನು ಇದ್ದಂತೆಯೇ ಬರೆಯತಕ್ಕದ್ದು.

ಪೀಠದ ಮುಂದೆ ಕುಳಿತಿದ್ದೆನು. ಗೋಡೆಯಾಚೆ ಸಾಮಾನು ಸಾಗಿಸುವವರ ಗಲಾಟೆ. 'ಹುಷಾರು, ಕಾಲು ಹುಷಾರು' ಎಂಬ ಕೂಗು. ಭಾರವಾದುದೇನನ್ನೋ ನೆಲದ ಮೇಲೆ ಎಳೆಯುವ ಕರಕರ ಶಬ್ದ. ಆಗ ನನ್ನ ಕಣ್ಣೆದುರಿಗೆ, ಯಾರೂ ಮುಟ್ಟದೆ, ಬಟ್ಟಲಿನೊಳಗೆ ಮುಳ್ಳಿಗೆ ಅಂಟಿಸಿದ, ದಿಕ್ಕುಗಳನ್ನು ಬರೆದ ಬಿಲ್ಲೆ ಅಲುಗಿತು. ಪೂರ್ವದ ಗುರುತು ಬಲಕ್ಕೆ ಸರಿಯಿತು. ನಿಂತಿತು. ಮತ್ತೆ ಕರಕರ. ಮತ್ತೆ ಸರಿಯಿತು. ಲಾರಿಯ ಹಲಗೆ ಧಡಕ್ಕನೆ ಮುಚ್ಚಿದಾಗ ಅದು ತೂಗಾಡಿ, ನಿಧಾನವಾಗಿ, ನನ್ನ ಬಲಗಿವಿಯ ನೇರಕ್ಕೆ ಬಂದು ನೆಲೆನಿಂತಿತು.

ಅದೇ ಹೊತ್ತಿಗೆ ಎದುರು ಕಟ್ಟಡದ ಮೇಲಿಂದ ಬಿಸಿಲೂ ಅಲ್ಲಿಯೇ ಬಿದ್ದಿತ್ತು.

೧೯ ಮಾರ್ಚ್

ಖಾಲಿಯಾದ ಪೋರ್ಷನ್ನಿಗೆ ಮೊದಲ ಬಾರಿ ಕಾಲಿಟ್ಟೆನು. ಪುಣ್ಯಾಹದ ನೀರನ್ನು ತೆಗೆದುಕೊಂಡು ಹೋಗಿದ್ದೆನಾದರೂ ಪ್ರೋಕ್ಷಿಸಲು ಮರೆತೆನು. ನನ್ನ ಪೀಠದ ನೇರ ಹಿಂದೆ, ಅದೇ ತೆಳುಗೋಡೆಗೆ ಒತ್ತಿ, ನೆಲದ ಗಾರೆಯಲ್ಲಿ ನಾಲ್ಕು ಕಾಲುಗಳು ಕೊರೆದ ಗುಳಿಗಳಿದ್ದವು. ಪಕ್ಕದಲ್ಲಿ ತುಕ್ಕಿನ ಗುರುತು.

"ಇಲ್ಲಿ ಏನಿತ್ತು?" ಎಂದು ಬೈರಮ್ಮನನ್ನು ಕೇಳಿದೆನು.

"ಅವಳ ಬೀರು. ಕಬ್ಬಿಣದ್ದು, ಇಷ್ಟೆತ್ತರ. ಪಕ್ಕದಲ್ಲಿ ಬಟ್ಟೆ ಕತ್ತರಿಸೋ ಕಬ್ಬಿಣದ ಮೇಜು. ಯಾಕೆ?"

"ನನಗೆ ಹೇಳಲಿಲ್ಲವೇಕೆ?"

"ನೀವು ಕೇಳ್ಲಿಲ್ಲ."

ಯಾವ ಕೋಣೆಯ ಮೇಲೆ ಆರೋಪ ಹೊರಿಸಿದೆವೋ, ಅದೇ ಕೋಣೆಯ ಕಬ್ಬಿಣವು ಸಾಕ್ಷಿಯ ನಾಲಗೆಯನ್ನು ತಿರುಚಿತ್ತು. ಸಾಕ್ಷಿಗಳು ಇಬ್ಬರಾಗಿದ್ದರೂ ನಿಂತದ್ದು ಒಂದೇ ಕಟ್ಟೆಯ ಮೇಲೆ. ಮನೆಯ ನಕ್ಷೆಯನ್ನು ಹೊಸದಾಗಿ ಬರೆದೆನು. ಖುರ್ಷೀದಮ್ಮನ ಪೋರ್ಷನ್ನು ಈಶಾನ್ಯದಲ್ಲಿಲ್ಲ. ಅದು ಬಡಗಣದಲ್ಲಿ, ಸಾಕ್ಷಾತ್ ಕುಬೇರನ ದಿಕ್ಕಿನಲ್ಲಿದೆ. ನಿಜವಾದ ಈಶಾನ್ಯದಲ್ಲಿರುವುದು ನಾನು ಮಲಗುವ ಕೋಣೆ. ಅಲ್ಲಿ ಮಂಚದ ಕೆಳಗೆ, ದಿಕ್ಸೂಚಿಯಿಂದ ದೂರವಿರಲೆಂದು ಜಾಗರೂಕತೆಯಿಂದ ಇಟ್ಟ, ಅಯಸ್ಕಾಂತದ ಸರಳುಗಳನ್ನು ತುಂಬಿದ ನನ್ನ ಕಬ್ಬಿಣದ ಪೆಟ್ಟಿಗೆಯಿದೆ.

ಈಶಾನ್ಯದ ಭಾರವು ನಾನೇ ಆಗಿದ್ದೆನೆಂದು ಕೆಲವರು ಹೇಳಿಯಾರು. ಅದು ಅತಿಶಯೋಕ್ತಿ.

೨೧ ಮಾರ್ಚ್

ಹಗಲಿರುಳು ಸಮವಾಗುವ ಕಾಲ. ತಲೆಸುತ್ತು ಇಲ್ಲದ್ದರಿಂದ ಏಣಿ ಹತ್ತಿ ಮಾಳಿಗೆಯ ಮೇಲೆ ನಿಂತೆನು. ಸೂರ್ಯನು ಮೂರಂತಸ್ತಿನ ಕಟ್ಟಡದ ಪಕ್ಕದ ಸಂದಿನಲ್ಲಿ, ಸರಿಯಾಗಿ ಪೂರ್ವದಲ್ಲಿ, ಯಾರ ತಿದ್ದುಪಡಿಯೂ ಇಲ್ಲದೆ ಹುಟ್ಟಿದನು. ಮುಳ್ಳಿನ ಈಗಿನ ಮಾತೂ ಅವನ ಮಾತೂ ಒಂದೇ.

ಶಾಸ್ತ್ರಪ್ರಕಾರ ಎಲ್ಲವೂ ಇಲ್ಲಿಗೆ ಸರಿಯಾಯಿತು. ಆದರೂ ಆಟೋ ಹತ್ತಿ ಶಿವಾಜಿನಗರಕ್ಕೆ ಹೋದೆನು.

ಕಡಿದಾದ ಮೆಟ್ಟಿಲು. ಅದರ ಬುಡದಲ್ಲಿ, ಟಾರ್ಪಾಲಿನ ಕೆಳಗೆ, ಬೀರುವೂ ಕತ್ತರಿಸುವ ಮೇಜೂ ನಿಂತಿದ್ದವು. ಮೆಟ್ಟಿಲಿನ ತಿರುವಿನಲ್ಲಿ ಅವು ಹೊರಳಲಿಲ್ಲವಂತೆ. ಮೇಲೆ ಖುರ್ಷೀದಮ್ಮ ನೆಲದ ಮೇಲೆ ಮಂಡಿಯೂರಿ ಬಟ್ಟೆ ಕತ್ತರಿಸುತ್ತಿದ್ದರು. ಸಂಜೆಯಾದ ಮೇಲೆ ಮಿಷನ್ ಓಡಿಸಕೂಡದೆಂದು ಮನೆಯ ಮಾಲೀಕರ ಕಟ್ಟಳೆ. ಎರಡು ಅಂಗಡಿಯವರು ಬಟ್ಟೆಯನ್ನು ವಾಪಸು ಒಯ್ದಿದ್ದರು. ನನ್ನನ್ನು ಕಂಡು ಗಾಬರಿಯಿಂದ ಎದ್ದು, ಇದ್ದ ಒಂದೇ ಸ್ಟೂಲನ್ನು ಒರೆಸಿಕೊಟ್ಟರು.

ನಾನು ವಿಷಯಕ್ಕೆ ನೇರವಾಗಿ ಬಂದೆನು. ಕಬ್ಬಿಣವು ಹೋದ ಮೇಲೆ ದಿಕ್ಸೂಚಿಯು ಅಸ್ಥಿರವಾಗಿದೆ. ಉಪಕರಣದ ಹಿತದೃಷ್ಟಿಯಿಂದ ಬೀರು ಮೊದಲಿನ ಸ್ಥಾನಕ್ಕೆ ಬರತಕ್ಕದ್ದು ಎಂದೆನು.

ಅವರು ಕತ್ತರಿಯನ್ನು ಕೆಳಗಿಟ್ಟರು. "ಬೀರು ಒಂದೇ ಕಳಿಸ್ಲಾ ಯಜಮಾನ್ರೆ, ಇಲ್ಲಾ ನಾನೂ ಬರ್ಬೇಕಾ?"

ಬೀರುವಿನಲ್ಲಿ ಬಟ್ಟೆ ತುಂಬಿರಬೇಕು, ಖಾಲಿಯಿದ್ದರೆ ಪ್ರಯೋಜನವಿಲ್ಲ ಎಂದೆನು. ಬಟ್ಟೆಗೆ ಅಯಸ್ಕಾಂತದ ಗುಣವಿಲ್ಲವೆಂಬುದು ನನಗೆ ಗೊತ್ತಿದೆ, ಅವರಿಗೆ ಗೊತ್ತಿರಲಾರದು.

"ಮತ್ತೆ ಈಶಾನ್ಯ?"

"ಅದು ಅಲ್ಲಿಲ್ಲ. ನನ್ನ ಕೋಣೆಯಲ್ಲಿದೆ."

"ಓ. ಹಂಗಾದ್ರೆ ನೀವು ಯಾವಾಗ ಖಾಲಿ ಮಾಡ್ತೀರ?"

ಇದನ್ನು ಅವರು ತುಂಬ ಗಂಭೀರವಾಗಿ ಕೇಳಿದರು. ನಾನೂ ಗಂಭೀರವಾಗಿಯೇ ಪೆಟ್ಟಿಗೆಯನ್ನು ಸ್ಥಳಾಂತರಿಸುವ ವಿಚಾರವಿದೆಯೆಂದು ಉತ್ತರಿಸಿದೆನು. ಆಗ ಕಾಣದ ಹಾಗೆ ಸೆರಗಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದರು.

ಇನ್ನೊಂದು ಮಾತು ಉಳಿದಿತ್ತು. ಮೆಟ್ಟಿಲಿಳಿಯುವ ಮೊದಲು ಆಡಿಬಿಡಬೇಕಾಗಿತ್ತು. ಹೋದ ವರ್ಷ ಅಂಗಳದಲ್ಲಿ ಎಳೆದುಕೊಟ್ಟ ಗೆರೆ ಓರೆಯಾಗಿತ್ತು, ಇಷ್ಟು ದಿನದ ನಿಮ್ಮ ಪ್ರಾರ್ಥನೆಯ ದಿಕ್ಕು ನನ್ನಿಂದ ತಪ್ಪಿತು ಎಂದೆನು.

"ಇಲ್ಲ ಬಿಡಿ ಯಜಮಾನ್ರೆ. ನೀವು ಹೇಳಿದ್ರಿ, ದೊಡ್ಡೋರು ಅಂತ ಹೂಂ ಅಂದೆ. ನಾನು ಚಾಪೆ ತಿರುಗಿಸ್ಲೇ ಇಲ್ಲ. ನಮ್ಮ ಮಸೀದಿ ಗೋಡೆ ಹೆಂಗಿದೆಯೋ ಹಂಗೇ ಮಾಡ್ತಿದ್ದೆ." ಬಳಿಕ, ನನಗೆ ನೋವಾಯಿತೇನೋ ಎಂಬಂತೆ ಸೇರಿಸಿದರು: "ಗೆರೆ ಮಾತ್ರ ಬಹಳ ನೀಟಾಗಿತ್ತು."

ಚಹಾ ಕೊಟ್ಟರು. ಕುಡಿದೆನು. ಏಲಕ್ಕಿ ಸ್ವಲ್ಪ ಹೆಚ್ಚು.

೨೬ ಮಾರ್ಚ್, ಯುಗಾದಿ, ವೃಷ ಸಂವತ್ಸರಾರಂಭ

ಖುರ್ಷೀದಮ್ಮನವರ ಸಾಮಾನು ನಿನ್ನೆ ಮರಳಿ ಬಂದಿತು. ಬೀರುವನ್ನು ಹಳೆಯ ಗುಳಿಗಳಲ್ಲಿಯೇ ಕೂರಿಸಬೇಕೆಂದು ನಾನು ಒಳಗೆ ನಿಂತು ಹೇಳಿದೆನು. ಕಿಟಕಿಯ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ, ನಿಮ್ಮ ಮುಳ್ಳಿಗೆ ತೊಂದರೆ ಬೇಡ ಎಂದು ಅವರು ಅಂದರು. ಬೇಡವೆಂದೆನು. ಬೀರು ಕೂತ ಕೂಡಲೇ ಮುಳ್ಳು ಎಂದಿನಂತೆ ತಪ್ಪಿತು.

ಇಂದು ಬೇವುಬೆಲ್ಲವನ್ನು ಸ್ವೀಕರಿಸಿ ಕೆಲಸಕ್ಕೆ ಕುಳಿತೆನು. ಮಂಚದ ಕೆಳಗಿನ ಪೆಟ್ಟಿಗೆಯನ್ನು ತೆರೆದು ಸರಳುಗಳನ್ನು ಆಯ್ದು, ಮಾಳಿಗೆಯಿಂದ ಅಳೆದು ತಂದ ಸೂರ್ಯನ ಪೂರ್ವಕ್ಕೆ ಮುಳ್ಳು ಒಪ್ಪುವವರೆಗೆ ಒಂದೊಂದಾಗಿ ಪೀಠದಲ್ಲಿ ಜೋಡಿಸಿದೆನು. ಹಡಗಿಗಾದರೆ ಎಲ್ಲ ದಿಕ್ಕುಗಳಿಗೂ ತಿರುಗಿಸಿ ನೋಡಬೇಕು. ಮನೆಗೆ ಒಂದೇ ಮುಖ, ಒಂದೇ ತಿದ್ದುಪಡಿ ಸಾಕು. ಗೋಡೆಯ ಆ ಕಡೆಗೂ ಈ ಕಡೆಗೂ ಹಲವು ಬಾರಿ ಓಡಾಡಬೇಕಾಯಿತು. ಪ್ರತಿ ಸಲವೂ ಸ್ನಾನ ಮಾಡುವುದು ಕೆಲಸದ ದೃಷ್ಟಿಯಿಂದ ಅಸಾಧ್ಯವಾದ ಕಾರಣ ಆ ವಿಧಿಯನ್ನು ತಾತ್ಕಾಲಿಕವಾಗಿ ಕೈಬಿಟ್ಟಿದ್ದೇನೆ.

ಮಧ್ಯಾಹ್ನ ಶ್ರೀನಾಥನು ಹೋಳಿಗೆಯ ಊಟಕ್ಕೆ ಬಂದವನು ಪಕ್ಕದಲ್ಲಿ ಮಿಷನ್ನಿನ ಸದ್ದನ್ನು ಕೇಳಿ, ತೆರೆದ ಬಾಗಿಲಲ್ಲಿ ಬೀರುವನ್ನೂ ಕಂಡು ಬೆಚ್ಚಿದನು. "ಏನ್ ದೊಡ್ಡಪ್ಪ ಇದು, ನರೇಶ್ ಅಷ್ಟು ಹೇಳಿದ್ರೂ? ಇವತ್ತಲ್ಲ ನಾಳೆ ಆ ಬೀರು ಎತ್ತಿಸ್ಲೇಬೇಕು."

ಅವನಿಗೆ ವೈಜ್ಞಾನಿಕವಾಗಿಯೇ ಉತ್ತರಿಸಿದೆನು. ದಿಕ್ಸೂಚಿಯನ್ನು ಈಗ ಆ ಬೀರುವಿನ ಲೆಕ್ಕಕ್ಕೆ ತಿದ್ದಲಾಗಿದೆ. ಅದು ಅಲ್ಲಿಂದ ಕದಲಿದರೆ ಈ ಮನೆಯ ಪೂರ್ವವೇ ಕದಲುತ್ತದೆ. ಆದ್ದರಿಂದ ನಾನಿರುವವರೆಗೆ ಅದನ್ನು ಯಾರೂ ಮುಟ್ಟತಕ್ಕದ್ದಲ್ಲ.

ಅವನು ಹೋದ ಮೇಲೆ ಬೈರಮ್ಮನಿಗೆ ಹಳೆಯ ಕಾಲದ ಒಂದು ಸಂಗತಿಯನ್ನು ಹೇಳಿದೆನು. ಕೆಲವು ಮುದಿ ಹಡಗುಗಳ ದಿಕ್ಸೂಚಿ ಎಷ್ಟು ತಿದ್ದಿದರೂ ಸರಿಹೋಗುತ್ತಿರಲಿಲ್ಲ. ಆದರೂ ಅವು ಬಂಡೆಗೆ ಬಡಿಯುತ್ತಿರಲಿಲ್ಲ. ಚುಕ್ಕಾಣಿ ಹಿಡಿದವರು ಅದು ಎಲ್ಲಿ ಎಷ್ಟು ತಪ್ಪುತ್ತದೆಂದು ಬಾಯಿಪಾಠ ಮಾಡಿಕೊಂಡು, ಅದಕ್ಕೆ ಎದುರು ಹೇಳದೆ, ತಾವೇ ಅಷ್ಟು ಈಚೆಗೆ ತಿರುಗಿಸಿಕೊಂಡು ಸಾಗುತ್ತಿದ್ದರು. ಅಂಥ ಹಡಗಿನ ಕಪ್ತಾನನಿಗೆ ಮಾತ್ರ ತನ್ನ ದಿಕ್ಸೂಚಿಯ ಮೇಲೆ ಪೂರ್ಣ ವಿಶ್ವಾಸವಿರುತ್ತಿತ್ತು.

ಬೈರಮ್ಮನು ಇದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಳಿಕ ಗೋಡೆಯನ್ನು ತಟ್ಟಿ ಖುರ್ಷೀದಮ್ಮನವರನ್ನೂ ಕರೆದು, ಇನ್ನೊಂದು ಸಲ ಹೇಳಿ ಎಂದಳು. ಹೇಳಿದೆನು. ಅವರೂ ನಕ್ಕರು.

ಇದರಲ್ಲಿ ನಗುವಂಥದ್ದೇನಿದೆಯೋ ನನಗೆ ತಿಳಿಯದು. ನಾಳೆ ಅರ್ಘ್ಯದ ಹೊತ್ತಿಗೆ ಬಿಸಿಲು ನನ್ನ ಮುಖದ ಮೇಲೆ ಬೀಳಬೇಕು.